ಕೋಸಂಬರಿಗೆ ತಂದು ಮಿಕ್ಕ ಸೌತೆಕಾಯಿ

ರಾಮನವಮಿಯ ಮಾರನೇ ದಿನ ಬಸವನಗುಡಿಯ ಯಾವ ಅಡುಗೆಮನೆಗೆ ಹೋದರೂ ಮೂರು ನಾಲ್ಕು ಸೌತೆಕಾಯಿ ಉರುಳಾಡುತ್ತಿರುತ್ತೆ, ನೋಡಿದ್ದೀರಾ? ಹೆಸರುಬೇಳೆ ಮುಗಿದಿರುತ್ತೆ, ಕೊತ್ತಂಬರಿ ಸೊಪ್ಪು ಮುಗಿದಿರುತ್ತೆ, ಸೌತೆಕಾಯಿ ಮಾತ್ರ ಮಿಕ್ಕಿರುತ್ತೆ. ಗಾಂಧಿ ಬಜಾರಿಗೆ ಹೋದವರು ಯಾರು ತಾನೇ ಲೆಕ್ಕ ಹಾಕಿ ಸೌತೆಕಾಯಿ ತರ್ತಾರೆ ಹೇಳಿ. ಚೈತ್ರದ ಬಿಸಿಲು, ಗಾಡಿ ತುಂಬ ನೀರು ಚಿಮುಕಿಸಿಟ್ಟ ಎಳೇ ಕಾಯಿ, ಉಗುರು ಊರಿದರೆ ನೀರು ಜಿನುಗುತ್ತೆ. ಅರ್ಧ ಕೆಜಿ ಸಾಕು ಅಂತ ಮನೆಯಿಂದ ಹೊರಟವರು, 'ಹೋಗ್ಲಿ, ಒಂದೂವರೆ ಹಾಕಪ್ಪಾ' ಅಂದುಬಿಡ್ತಾರೆ. ಪಾನಕಕ್ಕೆ ತಂದ ಬೆಲ್ಲದಲ್ಲೂ ಒಂದಷ್ಟು ಉಳಿದಿರುತ್ತೆ, ನಿಂಬೆಹಣ್ಣೂ ಉಳಿದಿರುತ್ತೆ. ಸೌತೆಕಾಯಿ, ಬೆಲ್ಲ, ನಿಂಬೆ ಮೂರೂ ಒಟ್ಟಿಗೆ ಮನೆಯಲ್ಲಿದ್ದ ಮೇಲೆ ಇನ್ನೇನು ಯೋಚನೆ? ಸಿಹಿ ಉಪ್ಪಿನಕಾಯಿ ಹಾಕೋದೇ.

'ಸೌತೆಕಾಯಿ ಉಪ್ಪಿನಕಾಯೇ!' ಅಂತ ಪಕ್ಕದ ಮನೆಯವರು ಕಾಂಪೌಂಡಿನ ಆ ಕಡೆಯಿಂದ ಹುಬ್ಬೇರಿಸಿದರು. ಅವರದೇನೂ ತಪ್ಪಿಲ್ಲ ಬಿಡಿ. ನಮ್ಮ ಕಡೆ ಉಪ್ಪಿನಕಾಯಿ ಅಂದರೆ ಮಾವಿನ ಮಿಡಿ, ನಿಂಬೆ, ಹೇರಳೆ, ನೆಲ್ಲಿ, ಇನ್ನೂ ಶ್ರದ್ಧೆ ಇದ್ದವರ ಮನೆಯಲ್ಲಿ ಮಾಕಳಿ ಬೇರು. ಇವೆಲ್ಲ ವರ್ಷಗಟ್ಟಲೆ ಕೂತು ಹದಕ್ಕೆ ಬರೋ ಜಾತಿ. ಇವಕ್ಕೂ ನೀರಿಗೂ ಎಣ್ಣೆ ಸೀಗೆಕಾಯಿ. ನಮ್ಮ ದೊಡ್ಡಮ್ಮ ಮಿಡಿ ಹಾಕೋ ದಿನ ಪಿಂಗಾಣಿ ಜಾಡಿಯನ್ನ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಮತ್ತೆ ಒರೆಸಿ, ಆಮೇಲೇ ಉಪ್ಪು ಸುರೀತಿದ್ದಿದ್ದು. ಬಾಯಿಗೆ ಬಿಳೀ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದರೆ ಮುಗೀತು, ಒದ್ದೆ ಕೈಯವರು ಆ ಕಡೆ ತಲೆ ಹಾಕೋ ಹಾಗಿರಲಿಲ್ಲ. ಅಂಥ ಮನೆಯಲ್ಲಿ, ನೂರಕ್ಕೆ 95 ಪಾಲು ನೀರೇ ಇರುವ ಸೌತೆಕಾಯಿಗೆ ಉಪ್ಪಿನಕಾಯಿ ಪಟ್ಟ ಕಟ್ಟೋದು ಅಂದರೆ ಸುಮ್ಮನೇನಾ?

ಆದರೆ ದೊಡ್ಡಮ್ಮನೇ ಮಾಡ್ತಿದ್ದಳು, ಅದೇ ವಿಶೇಷ. ಜಾಡಿಗೆ ಹಾಕ್ತಿರಲಿಲ್ಲ, ಅಟ್ಟಕ್ಕೂ ಏರಿಸ್ತಿರಲಿಲ್ಲ. ಕಲ್ಲುಮರಿಗೆಯಲ್ಲಿ ಹಾಕಿ, ಮೇಲೆ ಒಂದು ತಟ್ಟೆ ಮುಚ್ಚಿ, ನೀರಿನ ಹಂಡೆಯ ಪಕ್ಕ ತಂಪಿನಲ್ಲಿಡೋಳು. ಮೂರು ದಿನದ ಆಯುಷ್ಯ, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಮನೆ ಮಕ್ಕಳೇ ಅದರ ಗತಿ ಕಾಣಿಸ್ತಿದ್ದೆವು. ಇವತ್ತಿಗೂ ನನ್ನ ಮಟ್ಟಿಗೆ ಆ ನಾಲ್ಕು ದಿನದ ಉಪ್ಪಿನಕಾಯಿ ಯಾವ ಹಳೇ ಜಾಡಿಗೂ ಕಡಿಮೆ ಅಲ್ಲ. ಬಾಳಿಕೆ ಬಂದರೇನೇ ಉಪ್ಪಿನಕಾಯಿ ಅಂತ ಯಾರು ಹೇಳಿದ್ದು? ನಮ್ಮವರಿಗೆ ಈ ವಿಷಯದಲ್ಲಿ ಬಹಳ ಹಿಂದಿನಿಂದಲೂ ಧಾರಾಳ ಮನಸ್ಸೇ. ಗುರುಲಿಂಗ ದೇಶಿಕನ ಲಿಂಗಪುರಾಣ ಅಂತ ಒಂದು ಕನ್ನಡ ಗ್ರಂಥ ಇದೆ, 1594ರದ್ದು. ಅದರಲ್ಲಿ ಐವತ್ತು ಬಗೆಗೆ ಕಡಿಮೆಯಿಲ್ಲದ ಉಪ್ಪಿನಕಾಯಿಗಳ ಮಾತು ಬರುತ್ತೆ ಅಂತ, ನಮ್ಮ ಕೊಳ್ಳೇಗಾಲದಲ್ಲೇ ಹುಟ್ಟಿ ಭಾರತದ ಆಹಾರದ ಚರಿತ್ರೆ ಬರೆದ ಕೆ. ಟಿ. ಅಚ್ಚಯ್ಯ ದಾಖಲಿಸಿದ್ದಾರೆ. ಐವತ್ತು! ಈಗ ನಮ್ಮ ಮನೆಗಳಲ್ಲಿ ಐದು ಬಗೆ ಇದ್ದರೆ ಹೆಚ್ಚು, ಅಲ್ವಾ?

ಈ ಸಿಹಿ ಸೌತೆಕಾಯಿಯನ್ನ ಎಲೆಯಲ್ಲಿ ಎಲ್ಲಿ ಬಡಿಸಬೇಕು ಅನ್ನೋದೇ ದೊಡ್ಡ ಜಿಜ್ಞಾಸೆ ಆಗಿಹೋಗಿದೆ ನಮ್ಮ ಬೀದಿಯಲ್ಲಿ. ಎಡಗಡೆ ತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಗೊಜ್ಜು ಹೀಗೆ ಸಾಲು ನಡೆಯುತ್ತಲ್ಲ. ಇದು ಉಪ್ಪಿನಕಾಯಿ ಜಾಗಕ್ಕೆ ಬರಬೇಕು ಅಂತ ನಾನು. ಬೆಲ್ಲ ಬಿದ್ದ ಮೇಲೆ ಅದು ಗೊಜ್ಜೇ ತಾನೇ, ಗೊಜ್ಜಿನ ಜಾಗಕ್ಕೆ ಬಡಿಸಿ ಅಂತ ಪಕ್ಕದ ಮನೆಯವರು. ಹಸೀ ಸೌತೆಕಾಯಿ ಇದ್ದರೆ ಅದು ಕೋಸಂಬರಿಯ ತಂಗಿ, ಕೋಸಂಬರಿ ಪಕ್ಕಕ್ಕೇ ಇರಲಿ ಅಂತ ಅವರ ಅತ್ತೆ. ಕೊನೆಗೆ ಅತ್ತೆಯವರು ಒಂದು ಚೂರು ಬಾಯಿಗೆ ಹಾಕಿಕೊಂಡು, 'ಎಲ್ಲಾದರೂ ಬಡಿಸ್ರೇ, ಎರಡು ಸಲ ಬಡಿಸಿ' ಅಂದರು.

ಈಗ ಕಾಯಿ ವಿಷಯಕ್ಕೆ ಬರೋಣ. ಎಲ್ಲ ಸೌತೆಯೂ ಇದಕ್ಕೆ ಆಗೋದಿಲ್ಲ. ಗೇಣುದ್ದಕ್ಕಿಂತ ಕಡಿಮೆ ಇರೋ, ತಿಳಿ ಹಸಿರಿನ ಎಳೇ ನಾಟಿ ಸೌತೆ ಸಿಕ್ಕಿದರೆ ಅದೇ ಉತ್ತಮ. ಬೀಜ ಇನ್ನೂ ಬಲಿತಿರಬಾರದು. ಹಳದಿ ತಿರುಗಿದ ಕಾಯಿ ಹುಳಿಗೆ ಆಗುತ್ತೆ, ಇದಕ್ಕಲ್ಲ. ಮಂಗಳೂರು ಸೌತೆಯಂತೂ ಬೇರೆಯದೇ ಕುಲ, ಸಸ್ಯಶಾಸ್ತ್ರದವರು ಅದನ್ನ ಕರ್ಬೂಜದ ಸಾಲಿಗೆ ಸೇರಿಸ್ತಾರೆ. ಕರಾವಳಿ ಮನೆಗಳಲ್ಲಿ ಅದನ್ನ ಒಂದೊಂದಾಗಿ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ನೇತು ಹಾಕಿರೋದು ನೋಡಿದ್ದೀರಾ? ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು, ಹಾಗಿದ್ದರೆ ಮಳೆಗಾಲ ಪೂರ್ತಿ ಕೆಡದೆ ನಿಲ್ಲುತ್ತೆ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಊಟಕ್ಕೆ ಕೂತಾಗ ತಲೆ ಮೇಲೆ ಸಾಲಾಗಿ ಮೂವತ್ತು ನಲವತ್ತು ತೂಗಾಡ್ತಿದ್ದವು. ನನಗೆ ಊಟದ ಮೇಲೆ ಗಮನವೇ ಇಲ್ಲ, ಯಾವುದು ಯಾವಾಗ ಕಳಚಿ ಹುಳಿ ಬಟ್ಟಲಿಗೆ ಬೀಳುತ್ತೋ ಅಂತ ಮೇಲೇ ನೋಡ್ತಾ ಕೂತಿದ್ದೆ. ಒಂದೂ ಬೀಳಲಿಲ್ಲ, ಆ ಮನೆಯ ಅಜ್ಜ ಹಾಕಿದ ಗಂಟು ಅಂಥದ್ದು.

ಸೌತೆಕಾಯಿ ಹೆಚ್ಚೋ ಮುಂಚೆ ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು, ಆ ಬಿಲ್ಲೆಯಿಂದಲೇ ಕೊಯ್ದ ಜಾಗವನ್ನ ಗರಗರ ಉಜ್ಜಿ ನೊರೆ ಬರಿಸ್ತೀವಲ್ಲ, ಕಹಿ ಹೋಗಲಿ ಅಂತ. ಈ ಕೆಲಸ ಮನೆಯಲ್ಲಿ ಯಾವಾಗಲೂ ಮಕ್ಕಳ ಪಾಲಿಗೆ. ಬಿಳೀ ನೊರೆ ಉಕ್ಕೋದನ್ನ ನೋಡೋದೇ ಒಂದು ಖುಷಿ. ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನೋ ವಸ್ತು, ಅದು ತೊಟ್ಟಿನ ಕಡೆಯಲ್ಲಿ, ಸಿಪ್ಪೆಯ ಕೆಳಗೆ ಜಾಸ್ತಿ ಇರುತ್ತೆ. ಹಾಗಾಗಿ ತೊಟ್ಟಿನ ಕಡೆ ಧಾರಾಳವಾಗಿ ಕೊಯ್ದು ಬಿಸಾಡೋದರಲ್ಲಿ ಅರ್ಥವಿದೆ. ಆದರೆ ಉಪ್ಪಿನಕಾಯಿಗೆ ಇನ್ನೊಂದು ತುದಿಯೂ ಅಷ್ಟೇ ಮುಖ್ಯ, ಅದನ್ನ ನಾವು ಯಾರೂ ಗಮನಿಸೋದಿಲ್ಲ. ಹೂವು ಉದುರಿದ ಕಡೆ ಇದೆಯಲ್ಲ, ಅಲ್ಲಿ ಕಾಯಿಯನ್ನ ಮೆತ್ತಗೆ ಮಾಡುವ ಕಿಣ್ವಗಳು ಇರುತ್ತವೆ. ಆ ತುದಿಯನ್ನ ಒಂದು ತೆಳು ಬಿಲ್ಲೆಯಷ್ಟು ಕೊಯ್ದು ತೆಗೆಯದೇ ಇದ್ದರೆ ಎರಡನೇ ದಿನಕ್ಕೆ ಹೋಳೆಲ್ಲ ಪಿಚಿಪಿಚಿ. ತೊಟ್ಟಿನ ಕಡೆ ಕೊಯ್ಯೋದು ಕಹಿಗೆ, ಹೂವಿನ ಕಡೆ ಕೊಯ್ಯೋದು ಗರಿಗೆ. ಈ ಎರಡನೇದನ್ನ ಎಲ್ಲರಿಗೂ ಹೇಳ್ತಾ ಬಂದಿದ್ದೀನಿ, ನಿಮಗೂ ಹೇಳಿಬಿಟ್ಟೆ.

ಗರಿಗರಿ ಇಲ್ಲದಿದ್ದರೆ ಈ ಉಪ್ಪಿನಕಾಯಿ ಇದ್ದೂ ಊಟಕ್ಕಿಲ್ಲದ ಉಪ್ಪಿನಕಾಯಿಯೇ ಸರಿ. ಹಲ್ಲಿಗೆ ಸಿಕ್ಕಿದಾಗ ಹೊಸ ಹಪ್ಪಳ ಮುರಿದ ಹಾಗೆ ಸದ್ದು ಬರಬೇಕು, ಪಕ್ಕದ ಪಂಕ್ತಿಯವರು ತಿರುಗಿ ನೋಡಬೇಕು. ಅದಕ್ಕೆ ಉಪಾಯ ಒಂದೇ, ಅವಸರ ಮಾಡದೆ ಉಪ್ಪು ಹಚ್ಚಿಡೋದು. ಅರ್ಧ ಕೆಜಿ ಕಾಯಿಯನ್ನ ಸಿಪ್ಪೆ ಸಮೇತ ಕಾಲಂಗುಲ ದಪ್ಪದ ಬಿಲ್ಲೆ ಮಾಡಿ, ಒಂದೂವರೆ ಚಹಾ ಚಮಚ ಕಲ್ಲುಪ್ಪಿನ ಪುಡಿ ಸವರಿ, ಜರಡಿಯಲ್ಲಿ ಹಾಕಿ ಒಂದು ಗಂಟೆ ಮರೆತುಬಿಡಿ. ಕೆಳಗಿನ ಪಾತ್ರೆಗೆ ತೊಟ್ಟಿಕ್ಕಿದ ನೀರು ನೋಡಿದರೆ, ಇಷ್ಟೆಲ್ಲ ಎಲ್ಲಿತ್ತಪ್ಪಾ ಅನ್ನಿಸುತ್ತೆ. ಆ ನೀರನ್ನ ಚೆಲ್ಲಬೇಡಿ. ನೀರುಮಜ್ಜಿಗೆಗೆ ಹಾಕಿ, ಒಂದಿಷ್ಟು ಶುಂಠಿ ಜಜ್ಜಿ ಕುಡೀರಿ. ಆ ಮಜ್ಜಿಗೆಗೆ ಬೇರೆ ಉಪ್ಪು ಬೇಡ. ಕಲ್ಲುಪ್ಪು ಅಂತ ಯಾಕೆ ಒತ್ತಿ ಹೇಳ್ತೀನಿ ಅಂದರೆ, ಪ್ಯಾಕೆಟ್ ಉಪ್ಪಿನಲ್ಲಿ ಗಂಟು ಕಟ್ಟದೆ ಇರಲಿ ಅಂತ ಸೇರಿಸಿರೋ ಪುಡಿ ರಸವನ್ನ ಕದಡಿಬಿಡುತ್ತೆ. ರುಚಿಗೇನೂ ಮೋಸ ಇಲ್ಲ, ನೋಡೋಕೆ ಮಬ್ಬು.

ಉಪ್ಪು ಎಳೆದ ಬಿಲ್ಲೆಗಳನ್ನ ಅಂಗೈಯಲ್ಲಿ ಮೆಲ್ಲಗೆ ಅದುಮಿ, ಶುಭ್ರವಾದ ಪಂಚೆಯ ತುಂಡಿನ ಮೇಲೆ ಹರವಿ. ಅತ್ತ ನೂರು ಗ್ರಾಂ ಬೆಲ್ಲಕ್ಕೆ ಬರೀ ನಾಲ್ಕು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆ ಮೇಲಿಟ್ಟು ಎಳೆ ಪಾಕ ಬರೋ ಮುಂಚೆ ಇಳಿಸಿ. ಬೆಲ್ಲ ಸೋಸದೆ ಹಾಕಿದರೆ ಮಣ್ಣು ಹಲ್ಲಿಗೆ ಸಿಗುತ್ತೆ, ಇದು ಹೇಳಬೇಕಾದ ಮಾತೇ ಅಲ್ಲ. ಪಾಕ ಪೂರ್ತಿ ತಣ್ಣಗಾಗಬೇಕು. ಬಿಸಿ ಇದ್ದಾಗಲೇ ಸುರಿದರೆ ಸೌತೆಕಾಯಿ ಬೆಂದು ಬಾಡುತ್ತೆ, ಅಷ್ಟು ಹೊತ್ತು ಕಾದಿದ್ದೆಲ್ಲ ದಂಡ. ತಣಿದ ಮೇಲೆ ಎರಡು ನಿಂಬೆಹಣ್ಣಿನ ರಸ, ಸಣ್ಣಗೆ ಹೆಚ್ಚಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ. ಕೊನೆಗೆ ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಚಿಟಿಕೆ ಅರಿಶಿನದ ಒಗ್ಗರಣೆ. ಅದೂ ಆರಿದ ಮೇಲೇನೇ ಸೇರಬೇಕು. ಬೆಳಗ್ಗೆ ಹಾಕಿದ್ದು ಸಾಯಂಕಾಲಕ್ಕೆ ತಿನ್ನೋಕೆ ಆಗುತ್ತೆ, ಮಾರನೇ ದಿನಕ್ಕೆ ಇನ್ನೂ ಚೆನ್ನ.

ಎಣ್ಣೆ ಮಾತು ಬಂದಿದ್ದಕ್ಕೆ ನೆನಪಾಯಿತು, ನಮ್ಮಮ್ಮ ಒಗ್ಗರಣೆ ಹಾಕದೇ ಮಾಡಿದ್ದನ್ನೇ ಡಬ್ಬಿಗೆ ಹಾಕ್ತಿದ್ದಳು, ಎಣ್ಣೆ ಸೋರಿ ಸೀರೆಗೆ ಕಲೆ ಆಗಬಾರದು ಅಂತ. ಡಬ್ಬಿ ಎಲ್ಲಿಗೆ ಅಂತೀರಾ? ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ, 1939ರಲ್ಲಿ ಶುರುವಾದದ್ದು, ನಮ್ಮ ಬೇಸಿಗೆಗಳೆಲ್ಲ ಆ ಪೆಂಡಾಲಿನ ಕೆಳಗೇ ಕಳೆದದ್ದು. ಸಂಜೆ ಕಚೇರಿಗೆ ಹೋದರೆ ರಾಗ-ತಾನ-ಪಲ್ಲವಿ ಮುಗಿಯೋವರೆಗೆ ಅಪ್ಪ ಏಳೋರಲ್ಲ. ಮಕ್ಕಳಿಗೆ ಹಸಿವು. ಆಗ ಅಮ್ಮನ ಚೀಲದಿಂದ ಮೊಸರನ್ನದ ಡಬ್ಬಿ, ಅದರ ಮೇಲಿನ ಚಿಕ್ಕ ಡಬ್ಬಿಯಲ್ಲಿ ಈ ಸಿಹಿ ಸೌತೆಕಾಯಿ. ಆದರೆ ಒಂದು ಕಟ್ಟಳೆ ಇತ್ತು ನೋಡಿ, ತನಿ ಆವರ್ತನ ಶುರುವಾಗೋವರೆಗೆ ಡಬ್ಬಿ ಬಿಚ್ಚೋ ಹಾಗಿಲ್ಲ. ಕರಕರ ಅಂತ ಕಚ್ಚೋ ಸದ್ದು ಆಲಾಪನೆ ಕೇಳ್ತಾ ಇರೋರಿಗೆ ತೊಂದರೆ ಅಂತ. ಮೃದಂಗ, ಘಟ ಏರಿದಾಗ ಎಷ್ಟು ಕಚ್ಚಿದರೂ ಯಾರಿಗೂ ಕೇಳಿಸಲ್ಲ. ಎಂಥ ಲೆಕ್ಕಾಚಾರ ಅಮ್ಮಂದು! ಈಗಲೂ ತನಿ ಶುರುವಾದರೆ ನನ್ನ ಬಾಯಲ್ಲಿ ನೀರೂರುತ್ತೆ.

ಇನ್ನು ಬೇರೆ ದೇಶದ ಕಡೆಯ ಸಿಹಿ ಸೌತೆಕಾಯಿ ಬಗ್ಗೆ. ನಮ್ಮ ಅಣ್ಣನ ಮಗಳು ಅಮೆರಿಕದಲ್ಲಿ ನ್ಯೂಜೆರ್ಸಿಯಲ್ಲಿದ್ದಾಳೆ, ಬರುವಾಗ ಒಂದು ಬಾಟಲಿ ತಂದಿದ್ದಳು. ಅಲ್ಲಿ ಇದಕ್ಕೆ ಬ್ರೆಡ್ ಅಂಡ್ ಬಟರ್ ಪಿಕಲ್ ಅಂತಾರಂತೆ, ಇಲಿನಾಯ್ ರಾಜ್ಯದ ಫ್ಯಾನಿಂಗ್ ಅನ್ನೋ ರೈತ ದಂಪತಿ 1923ರಲ್ಲಿ ಆ ಹೆಸರನ್ನ ನೋಂದಾಯಿಸಿಕೊಂಡಿದ್ದರು. ತೆಳು ಬಿಲ್ಲೆ, ಈರುಳ್ಳಿ, ವಿನೆಗರ್, ಸಕ್ಕರೆ. ಹೊಂಬಣ್ಣದ ರಸದಲ್ಲಿ ತೇಲ್ತಾ ಇವೆ. ಹೊಂಬಣ್ಣ ಎಲ್ಲಿಂದ ಬಂತು ಅಂತ ನೋಡಿದರೆ ಅರಿಶಿನ! ತಳದಲ್ಲಿ ಕೂತಿದ್ದ ಕಾಳು ಸಾಸಿವೆ! ಅಡುಗೆಮನೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೌತೆಕಾಯಿಯ ಮೂಲವೂ ನಮ್ಮದೇ, ಹಿಮಾಲಯದ ತಪ್ಪಲಿನ ಕಾಡುಸೌತೆಯಿಂದ ಮೂರು ಸಾವಿರ ವರ್ಷದ ಹಿಂದೆ ಇಲ್ಲೇ ಪಳಗಿದ್ದು. ದೊಡ್ಡಮ್ಮನ ಕಲ್ಲುಮರಿಗೆಯಲ್ಲಿದ್ದದ್ದಕ್ಕೂ ಆ ಬಾಟಲಿಗೂ ಇದ್ದ ವ್ಯತ್ಯಾಸ ಅಂದರೆ ನಿಂಬೆಯ ಬದಲು ವಿನೆಗರ್, ಬೆಲ್ಲದ ಬದಲು ಸಕ್ಕರೆ, ಇಂಗಿನ ಬದಲು ಈರುಳ್ಳಿ. ಅಷ್ಟೇ ಕಣ್ರೀ.

ಅವಳು ಇನ್ನೊಂದು ಪುಟ್ಟ ಬಾಟಲಿಯನ್ನೂ ತಂದಿದ್ದಳು, ಕಿರುಬೆರಳಿಗಿಂತ ಸ್ವಲ್ಪ ದಪ್ಪದ ಇಡೀ ಮಿಡಿಗಳು, ಸಿಹಿ ರಸದಲ್ಲಿ ನೆನೆದಂಥವು. ಅದನ್ನ ತಿರುಗಿಸಿ ಹಿಂದಿನ ಚೀಟಿ ಓದಿದರೆ, 'ಪ್ರಾಡಕ್ಟ್ ಆಫ್ ಇಂಡಿಯಾ' ಅಂತ ಇತ್ತು. ಯಾವ ಊರು ಅಂತ ಬರೆದಿರಲಿಲ್ಲ. ಆದರೆ ಮಿಡಿಸೌತೆ ಅಂದ ಮೇಲೆ ನಮ್ಮ ತುಮಕೂರಿನ ಕಡೆಯದೋ, ಚಿತ್ರದುರ್ಗದ್ದೋ, ಹಾವೇರಿಯದೋ ಇರಬಹುದು ಅಂದುಕೊಳ್ಳೋಕೆ ಏನೂ ಅಡ್ಡಿಯಿಲ್ಲ ಅಲ್ವಾ? ರಫ್ತಿಗೆ ಅಂತ ಮಿಡಿಸೌತೆ ಬೆಳೆಯೋದು 1990ರ ದಶಕದಲ್ಲಿ ಈ ದೇಶದಲ್ಲಿ ಶುರುವಾದದ್ದೇ ಕರ್ನಾಟಕದಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಈಗ ಪ್ರಪಂಚದಲ್ಲಿ ಅತಿ ಹೆಚ್ಚು ಮಿಡಿಸೌತೆ ರಫ್ತು ಮಾಡೋ ದೇಶ ನಮ್ಮದು. ಕೇಂದ್ರ ವಾಣಿಜ್ಯ ಸಚಿವಾಲಯ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕ ಹೇಳ್ತೀನಿ ಕೇಳಿ, 2020-21ರಲ್ಲಿ ಸೌತೆ, ಮಿಡಿಸೌತೆ ಸೇರಿ 2,23,515 ಟನ್ ಹಡಗು ಹತ್ತಿತ್ತು, 22 ಕೋಟಿ ಡಾಲರಿಗೂ ಮೇಲ್ಪಟ್ಟ ವ್ಯಾಪಾರ. ಬೆಳೆಯೋರು ಸುಮಾರು 90,000 ಮಂದಿ ಸಣ್ಣ ರೈತರು, 65,000 ಎಕರೆಯಲ್ಲಿ.

ಆ ಬೆಳೆಯ ರೀತಿಯೇ ವಿಚಿತ್ರ. ಮೊದಲೇ ಕಂಪನಿಯ ಜೊತೆ ಒಪ್ಪಂದ, ಬೀಜ ಅವರದೇ. ಬಿತ್ತಿ ತಿಂಗಳು ಕಳೆದ ಮೇಲೆ ಕೊಯ್ಲು ಶುರು, ತೊಂಬತ್ತು ದಿನಕ್ಕೆ ಬೆಳೆ ಮುಗೀತು. ಕಾಯಿ ಚಿಕ್ಕದಿದ್ದಷ್ಟೂ ಬೆಲೆ ಜಾಸ್ತಿ! ಒಂದು ಕೆಜಿಗೆ ಎಷ್ಟು ಕಾಯಿ ತೂಗುತ್ತೆ ಅನ್ನೋದರ ಮೇಲೆ ದರ್ಜೆ. ಕೆಜಿಗೆ ನೂರಾರು ತೂಗಿದರೆ ಮೊದಲ ದರ್ಜೆ, ಹಾಗೇ ಇಳೀತಾ ಹೋಗುತ್ತೆ. ಇವತ್ತು ಬಿಟ್ಟರೆ ನಾಳೆಗೆ ಊದಿಕೊಂಡು ಕೆಳದರ್ಜೆಗೆ ಬೀಳುತ್ತೆ, ಅದಕ್ಕೇ ದಿನಾ ಕೊಯ್ಯಬೇಕು. ಹಬ್ಬ ಅಂತಿಲ್ಲ, ಮದುವೆ ಅಂತಿಲ್ಲ. ಎಲೆಯ ಅಡಿಯಲ್ಲಿ ಅಡಗಿ ಕೂತ ಒಂದು ಮಿಡಿ ಕಣ್ತಪ್ಪಿದರೂ ನಷ್ಟ. ಬಗ್ಗಿ ಬಗ್ಗಿ ಹುಡುಕೋ ಆ ಕೆಲಸ ಬಹುಪಾಲು ಹೆಂಗಸರದ್ದು. ಅಷ್ಟು ಶ್ರಮದ ಕಾಯಿ ಉಪ್ಪುನೀರಿನ ಡ್ರಮ್ಮುಗಳಲ್ಲಿ, ವಿನೆಗರಿನ ಬಾಟಲಿಗಳಲ್ಲಿ ಸಮುದ್ರ ದಾಟಿ ಹೋಗುತ್ತೆ. ನಮ್ಮ ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಾಗಲಿ ಅದನ್ನ ಗುಡ್ಡೆ ಹಾಕಿ ಮಾರೋದನ್ನ ನಾನು ಕಂಡಿಲ್ಲ. ತುಮಕೂರು ಇಲ್ಲಿಂದ ಎಷ್ಟು ದೂರ? ಎಪ್ಪತ್ತು ಕಿಲೋಮೀಟರು. ನನಗೆ ನಿಜವಾಗಿ ಬೇಸರ ಆಗೋದು ಇದಕ್ಕೇ. ಅಲ್ಲಿ ಕೊಯ್ದ ಮಿಡಿಯ ರುಚಿ ನ್ಯೂಜೆರ್ಸಿಯ ಮಕ್ಕಳಿಗೆ ಗೊತ್ತು, ನಮ್ಮ ಬೀದಿಯ ಮಕ್ಕಳಿಗೆ ಗೊತ್ತಿಲ್ಲ.

ಆ ಬಾಟಲಿ ರುಚಿ ಹತ್ತಿದ ಮೇಲೆ ವಿನೆಗರ್ ಹಾಕಿದ ಬಗೆಯನ್ನೂ ಮನೆಯಲ್ಲಿ ಮಾಡೋಕೆ ಶುರು ಮಾಡಿದೆವು. ಒಂದು ಕೆಜಿ ಕಾಯಿಗೆ ಎರಡು ದಪ್ಪ ಈರುಳ್ಳಿ, ಮೂರು ದೊಡ್ಡ ಚಮಚ ಕಲ್ಲುಪ್ಪಿನ ಪುಡಿ, ಮೇಲೆ ಐಸ್ ತುಂಡುಗಳು. ಹೀಗೇ ಮೂರು ಗಂಟೆ ಬಿಟ್ಟು, ನೀರು ಬಸಿದು, ಒಂದು ಸಲ ತೊಳೆಯೋದು. ಒಂದೂವರೆ ಕಪ್ ವಿನೆಗರಿಗೆ ಅಷ್ಟೇ ಸಕ್ಕರೆ, ಎರಡು ಚಹಾ ಚಮಚ ಸಾಸಿವೆ, ಮುಕ್ಕಾಲು ಚಮಚ ಅರಿಶಿನ, ನಾಲ್ಕು ಲವಂಗ. ಕುದಿ ಬಂದ ಮೇಲೆ ಬಿಲ್ಲೆಗಳನ್ನ ಹಾಕಿ, ಮತ್ತೆ ಕುದಿ ಏಳೋ ಹೊತ್ತಿಗೆ ಇಳಿಸಿ, ಗಾಜಿನ ಬಾಟಲಿಗೆ. ಬೆಲ್ಲದ ಪಾಕ ತಣಿಯಬೇಕು ಅಂದವರು ಇಲ್ಲಿ ಕುದಿಯೋ ರಸಕ್ಕೆ ಹಾಕು ಅಂತೀರಲ್ಲ ಅಂತ ಕೇಳಬಹುದು. ಐಸಿನಲ್ಲಿ ನೆನೆದು ಬಿಗಿಯಾದ ಬಿಲ್ಲೆ, ಹುಳಿ ಗಡುಸಾಗಿರೋ ರಸ, ಆ ಒಂದು ಕುದಿಯನ್ನ ತಡಕೊಳ್ಳುತ್ತೆ. ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ. ಹುಳಿಗೆ ಕಿಲುಬು ಬಿಡುತ್ತೆ.

ಗರಿಗರಿ ಬರಲಿ ಅಂತ ಕೆಲವರು ಸುಣ್ಣದ ತಿಳಿನೀರಿನಲ್ಲಿ ನೆನೆ ಹಾಕ್ತಾರೆ. ಬೂದುಗುಂಬಳದ ಪೇಠಾ ಮಾಡೋರು ಮಾಡ್ತಾರಲ್ಲ, ಅದೇ ಉಪಾಯ, ಅಮೆರಿಕದ ಹಳೇ ಅಡುಗೆಯವರಿಗೂ ಗೊತ್ತು. ಕೆಲಸವೇನೋ ಮಾಡುತ್ತೆ. ಆದರೆ ಸುಣ್ಣ ಚೂರು ಉಳಿದರೂ ಹುಳಿಯ ಶಕ್ತಿ ಕುಂದುತ್ತೆ, ಹುಳಿ ಕುಂದಿದರೆ ಕೆಡೋದಕ್ಕೆ ದಾರಿ. ನಾಲ್ಕು ನೀರಿನಲ್ಲಿ ತೊಳೆಯೋ ತಾಳ್ಮೆ ಇದ್ದವರು ಮಾಡಲಿ. ನನ್ನ ಓಟು ಐಸಿಗೆ.

ಹುಳಿ ವಿಷಯದಲ್ಲಿ ಇನ್ನೊಂದು ಮಾತು, ಇದು ಮುಖ್ಯ. ಅಮೆರಿಕದವರು ಬಾಟಲಿಯನ್ನ ಕುದಿಯೋ ನೀರಿನಲ್ಲಿಟ್ಟು ಮುಚ್ಚಳ ಬಿಗಿದು ವರ್ಷಗಟ್ಟಲೆ ಕಪಾಟಿನಲ್ಲಿಡ್ತಾರೆ ಅಂತ ಕೇಳಿ ನಾವೂ ಹಾಗೇ ಇಡೋಣ ಅಂತ ಹೊರಡಬೇಡಿ. ಅವರ ಲೆಕ್ಕವೆಲ್ಲ ನೂರಕ್ಕೆ 5ರ ಹುಳಿ ಇರೋ ವಿನೆಗರಿಗೆ. ನಮ್ಮಲ್ಲಿ ಕಾನೂನು ಕೇಳೋ ಕನಿಷ್ಠ 3.75, ಅಂಗಡಿಯ ಬಿಳೀ ವಿನೆಗರಿನ ಬಾಟಲಿ ಮೇಲೆ ಸಾಮಾನ್ಯವಾಗಿ 4 ಅಂತಿರುತ್ತೆ. ಅದಕ್ಕೇ ನಮ್ಮ ಮನೆಯದು ಫ್ರಿಜ್ಜಿನಲ್ಲೇ ಇರಬೇಕು, ತಿಂಗಳೊಳಗೆ ಮುಗೀಬೇಕು. ಮುಗಿಯದೇ ಉಳಿಯೋ ಪ್ರಶ್ನೆ ನಮ್ಮ ಮನೆಯಲ್ಲಂತೂ ಬಂದಿಲ್ಲ. ಉಪ್ಪಿಟ್ಟಿಗೆ ಆಗುತ್ತೆ, ಚಪಾತಿ ಸುರುಳಿಗೆ ಆಗುತ್ತೆ, ಅಯ್ಯಂಗಾರ್ ಬೇಕರಿಯ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ನಡುವೆ ನಾಲ್ಕು ಬಿಲ್ಲೆ ಇಟ್ಟರಂತೂ ಸಂಜೆ ಕಾಫಿಗೆ ಬೇರೆ ಏನೂ ಬೇಡ.

ಪಕ್ಕದ ಮನೆಯ ಅತ್ತೆಯವರು ವಿನೆಗರ್ ಮುಟ್ಟೋದಿಲ್ಲ, ಈರುಳ್ಳಿಯನ್ನಂತೂ ಕೇಳೋದೇ ಬೇಡ. ಅವರಿಗೆ ಬೆಲ್ಲ-ನಿಂಬೆಯದೇ ಆಗಬೇಕು. ಅದಕ್ಕೂ ಒಂದು ಗಡುವಿದೆ. ಆಷಾಢ ಶುದ್ಧ ಏಕಾದಶಿ ಬಂತು ಅಂದರೆ ಚಾತುರ್ಮಾಸ್ಯ, ಮೊದಲ ತಿಂಗಳು ಶಾಕವ್ರತ, ಮಾಧ್ವರ ಮನೆಗಳಲ್ಲಿ ತರಕಾರಿಯೇ ಇಲ್ಲ. ಆದ್ದರಿಂದ ಚೈತ್ರದಿಂದ ಆಷಾಢದವರೆಗೆ ಮೂರು ತಿಂಗಳು ಅವರು ಕಾಂಪೌಂಡಿನ ಮೇಲೆ ಬಟ್ಟಲು ಇಡೋದೂ, ನಾನು ತುಂಬಿ ಕೊಡೋದೂ ನಡೆದೇ ಇರುತ್ತೆ. ಏಕಾದಶಿಯ ಹಿಂದಿನ ದಿನ ಬಟ್ಟಲು ಸ್ವಲ್ಪ ದೊಡ್ಡದಾಗಿ ಬರುತ್ತೆ. ವ್ರತ ಕಳೆದು ಭಾದ್ರಪದಕ್ಕೆ ಮತ್ತೆ ಕೇಳಿದರೆ ಮಳೆಗಾಲದ ಕಾಯಿ ನೀರು ನೀರು, ಆ ರುಚಿ ಬರೋದೇ ಇಲ್ಲ. ಅವರಿಗೂ ಅದು ಗೊತ್ತು. ಆದರೂ ಕೇಳ್ತಾರೆ, ನಾನೂ ಮಾಡಿ ಕೊಡ್ತೀನಿ.

ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ, ಎಲೆ ಊಟಕ್ಕೆ ಬೆಲ್ಲ-ನಿಂಬೆಯದು, ತಿಂಡಿಗೆ ವಿನೆಗರಿನದು. ಈ ತೀರ್ಮಾನದಿಂದ ನಾನು ಕದಲೋಳಲ್ಲ. ಮಾಡುವಾಗ ಹೂವಿನ ಕಡೆ ತುದಿ ಕೊಯ್ಯೋದನ್ನ ಮಾತ್ರ ಮರೀಬೇಡಿ. ಮತ್ತೆ ಹಾಂ, ವಿನೆಗರಿನ ಬಾಟಲಿಯಲ್ಲಿ ಹೋಳು ಮುಗಿದ ಮೇಲೆ ರಸ ಮಿಕ್ಕಿರುತ್ತಲ್ಲ, ಅದನ್ನ ಚೆಲ್ಲಬೇಡಿ. ಒಂದು ಈರುಳ್ಳಿಯನ್ನ ತೆಳ್ಳಗೆ ಹೆಚ್ಚಿ ಅದರಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನ ಬೆಳಗ್ಗೆ ಅಕ್ಕಿರೊಟ್ಟಿ ಜೊತೆ ತಿಂದು ನೋಡಿ.